ಮೊದಲು ನಿಲ್ಲೋ ಗಾಡಿ, ಆಮೇಲೆ ಓಡೋ ಗಾಡಿ

1/5

ಕೆಎ-13 ನಂಬರ್ ಪ್ಲೇಟಿನ ಪುಟ್ಟ ಟರ್ಬೊ ಕಾರು ಓಡಿಸೋ ಗೆಳೆಯರಿಗೆ ಈ ಸಲದ ಮಾತು. ಬಾಗೂರು, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಎಲ್ಲೇ ಇರಿ.

ಹಾಟ್ ಹ್ಯಾಚ್ ಅಂದ್ರೆ ಇಷ್ಟೇ: ಸಣ್ಣ ಕಾರು, ಅದರ ಮೈಗೆ ಮೀರಿದ ಎಂಜಿನ್. ಪೋಲೋ ಜಿಟಿ ಟಿಎಸ್‌ಐ 1.2 ಲೀಟರಲ್ಲೇ 105 ಪಿಎಸ್ ಕೊಡ್ತಿತ್ತು. ಬಲೆನೊ ಆರ್‌ಎಸ್ 102, ಟಿಯಾಗೊ ಜೆಟಿಪಿ 114, ಅಬಾರ್ತ್ ಪುಂಟೊ 145. ಈ ನಾಲ್ಕೂ ಈಗ ಹೊಸದಾಗಿ ಸಿಗಲ್ಲ. ಪೋಲೋ ಕೂಡ 2022ಕ್ಕೆ ನಿಂತು ಹೋಯ್ತು. ಅಂದ್ರೆ ನಮ್ಮ ಕಡೆ ಇವನ್ನ ಈಗ ಕೊಳ್ಳೋರೆಲ್ಲ ಸೆಕೆಂಡ್ ಹ್ಯಾಂಡೇ ಕೊಳ್ಳಬೇಕು. ಹಳೇ ರಬ್ಬರ್, ಹಳೇ ಬ್ರೇಕ್ ಆಯಿಲ್, ಹಿಂದಿನ ಓನರ್ ಏನು ಮಾಡಿದ್ನೋ ಬಿಟ್ನೋ ಗೊತ್ತಿಲ್ಲದ ಗಾಡಿ.

ಹೀಗಿದ್ದೂ ಇನ್‌ಬಾಕ್ಸಿಗೆ ಬರೋ ಪ್ರಶ್ನೆ ಒಂದೇ: “ಅಣ್ಣ, ಸ್ಟೇಜ್ 1 ರೀಮ್ಯಾಪ್ ಮಾಡಿಸ್ಲಾ? ಎಷ್ಟು ಪವರ್ ಜಾಸ್ತಿ ಆಗುತ್ತೆ?”

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಕಾರಿಗೆ ಹಾಕೋ ಮೊದಲ ರೂಪಾಯಿ ಅದನ್ನ ನಿಲ್ಲಿಸೋಕೆ ಹೋಗಬೇಕು, ಓಡಿಸೋಕೆ ಅಲ್ಲ. ಆ ಕಾರಿನ ಸ್ಥಿತಿ ಹೇಗಿದೆ ಅಂತ ತಿಳಿಯೋ ಕೆಲಸ ನಿಮ್ಮ ಕೈಯಲ್ಲೇ ಆಗಬೇಕು.

2/5

“ಇದು ಕಂಪ್ಯೂಟರ್ ಗಾಡಿ, ನಾವು ಕೈ ಹಾಕಬಾರದು” ಅಂತ ನಮ್ಮ ಹುಡುಗರೇ ಹೇಳೋದು ಕೇಳಿದ್ರೆ ಆಶ್ಚರ್ಯ ಆಗುತ್ತೆ. ಪವರ್ ಟಿಲ್ಲರ್ ಬಿಚ್ಚಿ ಜೋಡಿಸ್ತೀರ. ಮೋಟಾರ್ ಸುಟ್ಟರೆ ಬೋರಿಂದ ಪೈಪ್ ಎತ್ತೋವಾಗ ನಿಂತು ಕೈ ಕೊಡ್ತೀರ. ಔಷಧಿ ಹೊಡೆಯೋ ಮಿಷನ್ನಿನ ಪ್ಲಗ್ ತೆಗೆದು ಒರೆಸಿ ಹಾಕ್ತೀರ. ಅದೇ ಕೈಗೆ ಕಾರಿನ ಬಾನೆಟ್ ಕಂಡ್ರೆ ಯಾಕೆ ಭಯ?

ಪ್ರತಿ ಭಾನುವಾರ ಬೆಳಗ್ಗೆ, ಎಂಜಿನ್ ತಣ್ಣಗಿರೋವಾಗ, ಅರ್ಧ ಗಂಟೆ ಕೊಡಿ:

▪️ ಡಿಪ್‌ಸ್ಟಿಕ್ ಎಳೆದು ಆಯಿಲ್ ನೋಡಿ. ಟರ್ಬೊ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತೆ. ಅದರ ಬೇರಿಂಗನ್ನ ಕಾಯೋದು ಇದೇ ಆಯಿಲ್. ಕಡಿಮೆಯಾದ್ರೆ, ಸುಟ್ಟು ಗಟ್ಟಿಯಾದ್ರೆ, ಮೊದಲು ಹೋಗೋದು ಟರ್ಬೊ. ಹಾಕೋ ಆಯಿಲ್ ಮ್ಯಾನ್ಯುಯಲ್‌ನಲ್ಲಿ ಬರೆದಿರೋ ದರ್ಜೆಯದ್ದೇ ಇರಲಿ, ಅಂಗಡಿಯವರ ಬಾಯಿಮಾತು ಬೇಡ.

▪️ ಕೂಲೆಂಟ್ ಮಟ್ಟ ನೋಡಿ. ಬಿಸಿ ಇರೋವಾಗ ಮುಚ್ಚಳ ತೆಗೀಬೇಡಿ, ಮುಖಕ್ಕೇ ಎರಚುತ್ತೆ.

▪️ ಟೈರ್ ಗಾಳಿ ನೋಡಿ, ಸ್ಟೆಪ್ನಿಯದ್ದೂ ಸೇರಿ.

▪️ ಏರ್ ಫಿಲ್ಟರ್, ಎಸಿ ಫಿಲ್ಟರ್ ತೆಗೆದು ನೋಡಿ. ನಮ್ಮ ತೋಟದ ದಾರಿ ಧೂಳಿಗೆ ಪುಸ್ತಕದ ಲೆಕ್ಕಕ್ಕಿಂತ ಬೇಗ ಕಟ್ಟಿಕೊಳ್ಳುತ್ತೆ. ತೆಂಗಿನಕಾಯಿ ರಾಶಿ ಪಕ್ಕ ನಿಲ್ಲಿಸೋರು ಬಾನೆಟ್ ಒಳಗೆ ನಾರಿನ ಗೂಡು, ಕಚ್ಚಿದ ವೈರ್ ಇದ್ಯಾ ಅಂತಾನೂ ನೋಡಿ. ಇಲಿಗೆ ಟರ್ಬೊ ಕಾರು ಅನ್ನೋ ಮರ್ಯಾದೆ ಇಲ್ಲ.

▪️ ಕೋಡ್ ಓದೋ ಒಂದು ಸಣ್ಣ ಓಬಿಡಿ ಸ್ಕ್ಯಾನರ್ ಇಟ್ಕೊಳ್ಳಿ, ಮೊಬೈಲಿಗೆ ಬ್ಲೂಟೂತಲ್ಲಿ ಸೇರುತ್ತೆ. ಪಿ0301 ಅಂತ ಬಂದ್ರೆ ಒಂದನೇ ಸಿಲಿಂಡರ್ ಸರಿಯಾಗಿ ಉರೀತಿಲ್ಲ ಅಂತ ಅರ್ಥ. ಇಷ್ಟು ಗೊತ್ತಿದ್ರೆ “ಎಂಜಿನ್ನೇ ಬಿಚ್ಚಬೇಕು” ಅನ್ನೋ ಮಾತಿಗೆ ನೀವು ಸುಮ್ನೆ ತಲೆ ಆಡಿಸಲ್ಲ.

3/5

ಈಗ ನಿಲ್ಲಿಸೋ ವಿಷಯ.

ವೇಗ ದುಪ್ಪಟ್ಟಾದ್ರೆ ನಿಲ್ಲೋಕೆ ಬೇಕಾದ ದೂರ ನಾಲ್ಕು ಪಟ್ಟು. 60ರಲ್ಲಿ 20 ಮೀಟರಿಗೆ ನಿಲ್ಲೋ ಗಾಡಿ 120ರಲ್ಲಿ 80 ಮೀಟರ್ ಕೇಳುತ್ತೆ, ಅದೂ ಕಾಲು ಬ್ರೇಕಿನ ಮೇಲೆ ಹೋದ ಮೇಲಿನ ಲೆಕ್ಕ. ಹೈವೇ 75ರಲ್ಲಿ ಹಿರೀಸಾವೆಯಿಂದ ಶಾಂತಿಗ್ರಾಮದವರೆಗೆ ರಾತ್ರಿ ಹೊತ್ತು ಹೋಗಿರೋರಿಗೆ ಆ 80 ಮೀಟರ್ ಒಳಗೆ ಏನೇನು ಸಿಗಬಹುದು ಅಂತ ನಾನು ಹೇಳಬೇಕಾಗಿಲ್ಲ. ಹಿಂದೆ ಲೈಟಿಲ್ಲದ ಟ್ರಾಕ್ಟರ್, ರಸ್ತೆ ದಾಟೋ ದನ, ಮೊಪೆಡ್ಡಲ್ಲಿ ಮನೆ ಕಡೆ ಹೊರಟಿರೋ ನಮ್ಮದೇ ದೊಡ್ಡಪ್ಪ.

ಮೊದಲು ಟೈರ್. ಪಕ್ಕದಲ್ಲಿ ಕೆತ್ತಿರೋ ನಾಲ್ಕು ಅಂಕಿ ಓದಿ. 2319 ಅಂದ್ರೆ 2019ರ 23ನೇ ವಾರ ತಯಾರಾಗಿದ್ದು. ಗುಂಡಿ 1.6 ಮಿಲಿಮೀಟರಿಗೆ ಇಳಿದ್ರೆ ಆ ಟೈರಿನ ಆಯಸ್ಸು ಮುಗೀತು. ಗುಂಡಿ ಚೆನ್ನಾಗಿದ್ರೂ ರಬ್ಬರ್ ಬಿರುಕು ಬಿಟ್ಟಿದ್ರೆ ಬದಲಾಯಿಸಿ.

ಆಮೇಲೆ ಬ್ರೇಕ್ ಫ್ಲೂಯಿಡ್. ಇದನ್ನ ಎಲ್ಲರೂ ಮರೀತಾರೆ. ಅದು ಗಾಳಿಯ ತೇವ ಹೀರ್ತಾ ಹೋಗುತ್ತೆ. ಡಾಟ್ 4 ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯೋವಾಗ ಬ್ರೇಕ್ ಕಾದು ಒಳಗೆ ಆವಿ ಎದ್ರೆ ಪೆಡಲ್ ಮೆತ್ತಗೆ ನೆಲಕ್ಕೆ ಹೋಗುತ್ತೆ, ಗಾಡಿ ಮಾತ್ರ ಹೋಗ್ತಾನೇ ಇರುತ್ತೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಈ ಕೆಲಸ ಬಲ್ಲ ಮೆಕ್ಯಾನಿಕ್ ಕೈಯಲ್ಲೇ ಆಗಲಿ, ನೀವು ಪಕ್ಕದಲ್ಲಿ ನಿಂತು ನೋಡಿ.

ಇವೆರಡೂ ಆದ ಮೇಲೆ ಒಳ್ಳೇ ಪ್ಯಾಡ್, ಹೊಸ ಶಾಕ್ ಅಬ್ಸಾರ್ಬರ್, ಸವೆದ ಬುಷ್‌ಗಳು. ಹಳೇ ಹಾಟ್ ಹ್ಯಾಚಿಗೆ ಕಂಪನಿ ಕೊಟ್ಟಿದ್ದ ಸಸ್ಪೆನ್ಷನ್ ಮತ್ತೆ ಮೊದಲಿನಂತಾದ್ರೆ ಅದೇ ಅಪ್‌ಗ್ರೇಡ್. ಆ ಕಾರು ಹೊಸದಾಗಿದ್ದಾಗ ಹೇಗಿತ್ತು ಅನ್ನೋದನ್ನ ಬಹಳ ಜನ ಓಡಿಸಿ ನೋಡಿಯೇ ಇಲ್ಲ.

4/5

ಮಾಡಬಾರದ್ದು ಕೆಲವು.

❌ ಗಾಡಿ ತಗ್ಗಿಸೋ ಸ್ಪ್ರಿಂಗ್. ನಮ್ಮ ಊರಿನ ಹಂಪ್ ಬಿಡಿ, ಸುಗ್ಗಿ ಕಾಲ ನೆನಪು ಮಾಡ್ಕೊಳ್ಳಿ. ರಸ್ತೆ ಮೇಲೆ ಹುರುಳಿ ಒಕ್ಕಣೆ ಹಾಕಿರ್ತಾರೆ. ಆ ಬಳ್ಳಿ ಕಾರಿನ ಕೆಳಗೆ ಸುತ್ತಿಕೊಂಡು ಬೆಂಕಿ ಹತ್ತಿದ ಸುದ್ದಿ ಪತ್ರಿಕೆಯಲ್ಲಿ ಓದಿರ್ತೀರ. ಟರ್ಬೊ ಕಾರಿನ ಎಕ್ಸಾಸ್ಟ್ ನೂರಾರು ಡಿಗ್ರಿ ಕಾದಿರುತ್ತೆ. ಅದನ್ನ ಇನ್ನೆರಡು ಇಂಚು ಹುಲ್ಲಿನ ಹತ್ತಿರ ತರೋದು ಯಾವ ಸ್ಟೈಲು? ಒಕ್ಕಣೆ ಕಂಡ್ರೆ ಪಕ್ಕದಲ್ಲಿ ಹೋಗಿ. ದಾಟಲೇಬೇಕಾಗಿ ಬಂದ್ರೆ ಮುಂದೆ ನಿಲ್ಲಿಸಿ ಬಗ್ಗಿ ನೋಡಿ.

❌ ಹ್ಯಾಲೊಜೆನ್‌ಗೆ ಮಾಡಿದ ಹೆಡ್‌ಲೈಟೊಳಗೆ ಕಣ್ಣು ಕುಕ್ಕೋ ಎಲ್‌ಇಡಿ ಬಲ್ಬ್. ನಿಮಗೆ ಬೆಳಕು, ಎದುರಿನವನಿಗೆ ಕತ್ತಲೆ.

❌ ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ನುಗ್ಗೋದು. ಸೈಜುಗಲ್ಲು ಇಟ್ಟರೆ ಸಾಕು ಅನ್ನಬೇಡಿ, ಭಾರಕ್ಕೆ ಕಲ್ಲು ಒಡೆಯುತ್ತೆ. ಎರಡು ಜಾಕ್ ಸ್ಟ್ಯಾಂಡ್ ತಗೊಳ್ಳಿ. ಚಕ್ರದ ಬೋಲ್ಟ್ ಟಾರ್ಕ್ ರೆಂಚಲ್ಲೇ ಬಿಗಿ ಮಾಡಿ. ಪೋಲೋಗೆ 120 ನ್ಯೂಟನ್ ಮೀಟರ್, ಬೇರೆ ಕಾರಿಗೆ ಅದರದ್ದೇ ಲೆಕ್ಕ.

❌ ಬಿಟ್ಟ ಆಯಿಲನ್ನ ಚರಂಡಿಗೋ ಕಾಲುವೆಗೋ ಸುರಿಯೋದು. ಬಾಗೂರು-ನವಿಲೆ ಸುರಂಗದಲ್ಲಿ ಹೋಗೋ ಹೇಮಾವತಿ ನೀರು ಆ ಕಡೆ ತುಮಕೂರಿನ ಜನ ಕುಡಿಯೋ ನೀರು. ಕ್ಯಾನಿಗೆ ತುಂಬಿಸಿ, ಹಳೇ ಆಯಿಲ್ ತಗೊಳ್ಳೋ ಗ್ಯಾರೇಜಿಗೆ ಕೊಡಿ.

ಟೈಮಿಂಗ್ ಬೆಲ್ಟ್, ಏರ್‌ಬ್ಯಾಗ್, ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇವಕ್ಕೆ ಮನೆ ಮುಂದೆ ಕೈ ಹಾಕಬೇಡಿ. ಕೈ ಎಲ್ಲಿ ನಿಲ್ಲಬೇಕು ಅಂತ ಗೊತ್ತಿರೋದೂ ಕಸುಬೇ.

5/5

ಹಾಗಾದ್ರೆ ರೀಮ್ಯಾಪ್ ಬೇಡ್ವಾ? ಆಸೆ ತಪ್ಪಲ್ಲ. ಆದ್ರೆ ಲೆಕ್ಕ ಗೊತ್ತಿರಲಿ. ಪೋಲೋ ಜಿಟಿ ಟಿಎಸ್‌ಐ ಒಳಗಿರೋ ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ ತಡೆಯೋ ಟಾರ್ಕ್ 250 ನ್ಯೂಟನ್ ಮೀಟರ್. ಕಂಪನಿ 175ಕ್ಕೆ ನಿಲ್ಲಿಸಿತ್ತು. ಆ ನಡುವಿನ ಅಂತರವೇ ಗೇರ್‌ಬಾಕ್ಸಿನ ಉಸಿರು. ಪವರ್ ಆಸೆಗೆ ಅದನ್ನ ತಿಂದರೆ ಬಿಲ್ ಕೊಡೋದು ನೀವೇ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಆರ್‌ಸಿ ವಿವರ ಬೇರೆಯಾಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಅಪಘಾತ ಆದ್ಮೇಲೆ ಇನ್ಶೂರೆನ್ಸ್‌ನವರು ತಕರಾರು ತೆಗೆಯೋಕೂ ಇದೇ ದಾರಿ. ಮನೆಯವರು ತೋಟದ ದುಡ್ಡಲ್ಲಿ ಕೊಡಿಸಿದ ಗಾಡಿ ಅದು, ಮರೀಬೇಡಿ.

“ಎಲ್ಲಾ ನಾವೇ ಮಾಡ್ಕೊಂಡ್ರೆ ಮೆಕ್ಯಾನಿಕ್ ಹೊಟ್ಟೆಗೇನು?” ಅಂತ ಕೇಳ್ತಾರೆ. ನಿಜವಾದ ಮಾತು. ಆದ್ರೆ ಆಯಿಲ್ ನೋಡ್ಕೊಳ್ಳೋ ಗಿರಾಕಿ ಗಾಡಿ ಸೀಜ್ ಆಗೋ ಮೊದಲೇ ಬರ್ತಾನೆ, ಎಲ್ಲಿ ಸದ್ದು, ಯಾವಾಗಿಂದ ಅಂತ ಬಿಡಿಸಿ ಹೇಳ್ತಾನೆ. ಒಳ್ಳೇ ಮೆಕ್ಯಾನಿಕ್ಕಿಗೆ ಅಂಥ ಗಿರಾಕಿ ಸಿಕ್ಕರೆ ಖುಷಿ. ಏನೂ ಗೊತ್ತಿಲ್ಲದ ಗಿರಾಕಿ ಬೇಕಿರೋದು ಬೇರೆ ಥರದವರಿಗೆ.

ಈ ಭಾನುವಾರ ನಾಲ್ಕೂ ಟೈರಿನ ಅಂಕಿ ಓದಿ ಕಾಮೆಂಟಲ್ಲಿ ಹಾಕಿ. ಬ್ರೇಕ್ ಫ್ಲೂಯಿಡ್ ಕೊನೇ ಸಲ ಯಾವಾಗ ಬದಲಾಯಿಸಿದ್ದು ಅಂತಾನೂ ಬರೀರಿ. ಎರಡಕ್ಕೂ ಉತ್ತರ ಕೊಟ್ಟೋರ ಹತ್ರ ಮಾತ್ರ ಸ್ಟೇಜ್ 1 ಮಾತಾಡೋಣ 🙂

#ಬಾಗೂರು #ಚನ್ನರಾಯಪಟ್ಟಣ #ಕೆಎ13 #ಹಾಟ್‌ಹ್ಯಾಚ್ #ನಮ್ಮಗಾಡಿನಮ್ಮಕೈ