ಹರಕೆ ಹೊತ್ತವರು ಯಾರು, ತೀರಿಸುವವರು ಯಾರು?

ದೇವರನ್ನು ನಂಬಬೇಕೇ, ಧರ್ಮದಿಂದ ಒಳಿತೋ ಕೆಡುಕೋ ಎಂಬುದು ಚರ್ಚಾಸ್ಪರ್ಧೆಗಳ ಹಳೆಯ ವಿಷಯ. ಪರವಾಗಿ ನಿಂತವರು ದಾನ, ಸೇವೆ, ನೆಮ್ಮದಿ ಎನ್ನುತ್ತಾರೆ. ವಿರೋಧಿಸುವವರು ಮೂಢನಂಬಿಕೆ, ಗಲಭೆ ಎನ್ನುತ್ತಾರೆ. ಇಬ್ಬರ ಮಾತೂ ಸುಳ್ಳಲ್ಲ, ಅದಕ್ಕೇ ಚರ್ಚೆ ಮುಗಿಯುವುದಿಲ್ಲ. ನಮ್ಮ ಸುತ್ತಲ ತಾಲ್ಲೂಕುಗಳನ್ನು ನೋಡಿದರೆ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ: ಹರಕೆ ಹೊತ್ತವರು ಯಾರು, ಅದನ್ನು ತೀರಿಸುವವರು ಯಾರು?

ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ ಕಡೆಯಿಂದ ಪ್ರತಿವರ್ಷ ಸಾವಿರಾರು ಜನ ನಡೆದು ಬರುತ್ತಾರೆ. ಬೊಬ್ಬೆ ಏಳುವುದು ಅವರವರ ಕಾಲಿಗೇ. ರಂಜಾನಿನಲ್ಲಿ ರೋಜಾ ಇರುವವರ ಹಸಿವು ಅವರದೇ. ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೆ ಅದರಲ್ಲೂ ರಿಯಾಯಿತಿ ಇದೆ. ಜಕಾತ್ ಎಂದರೆ ವರ್ಷ ತುಂಬಿದ ಉಳಿತಾಯದಲ್ಲಿ ನೂರಕ್ಕೆ ಎರಡೂವರೆ ರೂಪಾಯಿ. ಅದು ಕೊಡುವವರ ಜೇಬಿನಿಂದಲೇ ಹೋಗುತ್ತದೆ. ದೇವರನ್ನು ನಂಬದವರೂ ಇವುಗಳಿಂದ ತಮಗೆ ಕೇಡಾಯಿತು ಎನ್ನಲಾರರು.

ಈಗ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಕಡೆ ನೋಡಿ. ಭಾರತ ಹುಣ್ಣಿಮೆಗೆ ಉಚ್ಚಂಗೆಮ್ಮನ ಗುಡ್ಡ ಹತ್ತುವವರಲ್ಲಿ ಬಹಳ ಜನ ಹಣ್ಣುಕಾಯಿ ಮಾಡಿಸಿ ಬರುವವರು. ಆದರೆ ಇದೇ ಗುಡ್ಡದಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿ ಬಿಡುವ ಪದ್ಧತಿಯೂ ನಡೆದುಬಂತು. ಮನೆಯಲ್ಲಿ ಯಾರಿಗೋ ಕಾಯಿಲೆ, ಇಲ್ಲವೇ ಗಂಡುಮಗುವಿಲ್ಲ. ಹರಕೆ ಹೊತ್ತವರು ಹಿರಿಯರು, ತೀರಿಸಿದವಳು ಮಗಳು. ಅವರಲ್ಲಿ ಹೆಚ್ಚಿನವರು ಬಡ ದಲಿತ ಮನೆಗಳ ಮಕ್ಕಳು. ಮುಂದೆ ಅವಳ ಮಕ್ಕಳು ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗದ ಮುಂದೆ ತಡವರಿಸಿದರು.

ನಮ್ಮವರೂ ಇದೇ ಪ್ರಶ್ನೆಗೆ ಉತ್ತರಿಸಬೇಕು. ಇಸ್ಲಾಮಿನಲ್ಲಿ ಮಹರ್ ಕೊಡಬೇಕಾದವನು ವರ, ಪಡೆಯಬೇಕಾದವಳು ವಧು. ಆದರೂ ಎಷ್ಟೋ ನಿಕಾಹ್‌ಗಳಲ್ಲಿ ಮಹರ್ ಪುಸ್ತಕದಲ್ಲಿ ಬರೆಯುವ ಮೊತ್ತವಾಗಿ ಉಳಿಯುತ್ತದೆ. ಬೈಕು, ಬಂಗಾರ, ನಗದು ಹುಡುಗಿಯ ಮನೆಯಿಂದ ಹೊರಡುತ್ತವೆ. ಸಾಲ ಮಾಡುವವನು ಅವಳ ಅಪ್ಪ. ಎರಡನೇ ಪಿಯುಸಿಗೆ ಬರಬೇಕಾದವಳು ಮನೆಯಲ್ಲಿ ಉಳಿಯುತ್ತಾಳೆ. ಇದನ್ನು ಧರ್ಮ ಹೇಳಿಲ್ಲ. ಆದರೆ ನಿಕಾಹ್‌ಗೆ ಬಂದು ದುಆ ಮಾಡಿ, ಬಿರಿಯಾನಿ ಉಂಡು ಹೋಗುವ ನಾವು ಯಾರೂ ಬೇಡವೆಂದೂ ಹೇಳುವುದಿಲ್ಲ.

ಹಾಗಾದರೆ ದೇವರನ್ನೇ ಬಿಟ್ಟರೆ ಸರಿಹೋಗುತ್ತದೆಯೇ? 1975ರಿಂದ 1979ರವರೆಗೆ ಕಾಂಬೋಡಿಯಾವನ್ನು ಆಳಿದ ಪೋಲ್ ಪಾಟ್ ಧರ್ಮವನ್ನೇ ನಿಷೇಧಿಸಿದ. ಬೌದ್ಧ ಭಿಕ್ಷುಗಳೂ ಚಾಮ್ ಮುಸ್ಲಿಮರೂ ಸಾಮೂಹಿಕವಾಗಿ ಹತರಾದರು. ಇನ್ನೊಂದು ಕಡೆ ನಮ್ಮವರೇ ಆದ ಎಚ್. ನರಸಿಂಹಯ್ಯನವರಿದ್ದಾರೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ ವಿಚಾರವಾದಿ. ಖಾದಿ ತೊಟ್ಟು, ಹಾಸ್ಟೆಲ್ ಕೋಣೆಯಲ್ಲೇ ಬಾಳಿ, ಬದುಕನ್ನು ವಿದ್ಯಾರ್ಥಿಗಳಿಗೆ ಕೊಟ್ಟರು. ನಂಬದವರಲ್ಲೂ ಎರಡು ಬಗೆ, ನಂಬುವವರಲ್ಲೂ ಎರಡು ಬಗೆ.

ಆದರೂ ನಂಬಿಕೆ ಮುಖ್ಯವಲ್ಲ ಎಂದು ನಾನು ಹೇಳುವುದಿಲ್ಲ. ದೇವದಾಸಿ ಬಿಡುವುದನ್ನು ಕರ್ನಾಟಕ ಕಾನೂನು ಮಾಡಿ ನಿಷೇಧಿಸಿದ್ದು 1982ರಲ್ಲಿ. ಮುತ್ತು ಕಟ್ಟಿಸಿದವರು ತಂದೆತಾಯಿಯೇ ಆದರೆ ಐದು ವರ್ಷದವರೆಗೆ ಜೈಲು. ಆದರೂ ಪದ್ಧತಿ ಕಾನೂನು ಬಂದ ದಿನವೇ ನಿಲ್ಲಲಿಲ್ಲ. ಪೊಲೀಸರಿಗಿಂತ ದೇವಿಗೆ ಹೆದರುವ ತಾಯಿಗೆ ಕಾನೂನಿನ ಪುಸ್ತಕ ತೋರಿಸಿದರೆ ಸಾಲದು. 'ಅಮ್ಮ ಇದನ್ನು ಕೇಳುವುದಿಲ್ಲ' ಎಂದು ಅವಳಂತೆಯೇ ದೇವಿಗೆ ನಡೆದುಕೊಳ್ಳುವ ಇನ್ನೊಬ್ಬಳು ಹೇಳಬೇಕು. ವರದಕ್ಷಿಣೆ ತಪ್ಪು ಎಂದು ಗೋಡೆಯ ಮೇಲೆ ಬರೆಯುವುದಕ್ಕಿಂತ, ಜುಮಾ ಖುತ್ಬಾದಲ್ಲಿ ಇಮಾಮರು ಹೇಳಿದರೆ ಹೆಚ್ಚು ಜನ ಕೇಳುತ್ತಾರೆ. ನಂಬಿಕೆಗೆ ಅಷ್ಟು ಬಲವಿದೆ. ಅದಕ್ಕೇ ನಂಬುವವರ ಹೊಣೆ ಹೆಚ್ಚು.

ಗೆಳೆಯರೇ, ದೇವರಿದ್ದಾನೆಯೇ ಎಂಬುದನ್ನು ನಾವು ಇನ್ನೂ ಬಹಳ ವರ್ಷ ಚರ್ಚಿಸಬಹುದು. ಅಷ್ಟರಲ್ಲಿ ನಮ್ಮ ತರಗತಿಯ ಒಂದು ಬೆಂಚು ಖಾಲಿಯಾದರೆ ಯಾಕೆಂದು ವಿಚಾರಿಸೋಣ. ಹದಿನೆಂಟು ತುಂಬದವಳ ಮದುವೆಯೋ, ಮುತ್ತು ಕಟ್ಟುವ ಮಾತೋ ಕಿವಿಗೆ ಬಿದ್ದರೆ ಉಪನ್ಯಾಸಕರಿಗೆ ತಿಳಿಸೋಣ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡೋಣ. ಅದಕ್ಕೆ ಆಸ್ತಿಕರೂ ಆಗಬಹುದು, ನಾಸ್ತಿಕರೂ ಆಗಬಹುದು.