ಕಟ್ಟಿ ಬಿಚ್ಚುವ ಸುರುಳಿ, ವಾರಸುದಾರರಿಲ್ಲದ ಕಸ

ಕೆಟ್ಟದ್ದನ್ನು ಎಸೆಯದೆ ಬಿಚ್ಚಿ ನೋಡಬೇಕು, ದುರಸ್ತಿ ಮಾಡಿ ಮತ್ತೆ ಬಳಸಬೇಕು ಎಂಬುದು ಪರಿಸರ ಚಳವಳಿ ಆರಂಭದಿಂದಲೂ ಹೇಳಿಕೊಂಡು ಬಂದಿರುವ ಮಾತು. ಈಗ ಅದೇ ಮಾತನ್ನು ಹಿಡಿದು ಕೆಲವು ತರುಣರು ಕೇಳುವ ಪ್ರಶ್ನೆಯೊಂದು ಚಳವಳಿಯ ಹಿರಿಯರನ್ನು ಇಕ್ಕಟ್ಟಿಗೆ ಸಿಲುಕಿಸುವಂತಿದೆ. ಇ-ಸಿಗರೇಟು ಸೇದುವವರು ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಕೊಳವೆಗಳನ್ನು ಬಿಟ್ಟು, ತಂತಿಯನ್ನೂ ಹತ್ತಿಯನ್ನೂ ಸ್ವತಃ ಬದಲಿಸಿಕೊಂಡು ವರ್ಷಗಟ್ಟಲೆ ಬಳಸಬಹುದಾದ ‘ಮರುಕಟ್ಟುವ ಅಟೊಮೈಸರ್’ ಆರಿಸಿಕೊಂಡರೆ ಭೂಮಿಗೆ ಹೊರೆ ಕಡಿಮೆಯಾಗುವುದಿಲ್ಲವೇ? ಆರಿಸುವುದಾದರೆ ಯಾವುದನ್ನು ಆರಿಸಬೇಕು?

ವ್ಯಸನದ ಮಾತೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಪ್ರಶ್ನೆಯಲ್ಲಿ ಹುರುಳಿದೆ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಂತಹ ಕಡೆ ಅದಕ್ಕೆ ಇನ್ನಷ್ಟು ತೂಕ ಬರುತ್ತದೆ. ಐ.ಟಿ.ಐ. ಮುಗಿಸಿ ಕಾರ್ಖಾನೆ ಸೇರುವ ಹುಡುಗನಿಗೆ ತಂತಿ, ರೋಧ, ಆಂಪಿಯರ್ ಎಂಬವು ಪಠ್ಯದ ಪದಗಳಷ್ಟೇ ಆಗಿ ಉಳಿದಿರುವುದಿಲ್ಲ, ಅವು ಅವನ ಅನ್ನ. ತನ್ನ ಕೈಯಿಂದಲೇ ಸುರುಳಿ ಸುತ್ತಿ, ಬತ್ತಿ ಹೊಸೆದು ಕೂರಿಸುವ ಉಪಕರಣ ಅವನ ಕಸುಬಿನ ಹೆಮ್ಮೆಯನ್ನೇ ತಟ್ಟುತ್ತದೆ. ಆದ್ದರಿಂದ ಉತ್ತರವೂ ಉಪದೇಶದ ಧಾಟಿಯಲ್ಲಿರದೆ ಕಸುಬಿನ ಭಾಷೆಯಲ್ಲೇ ಇರಬೇಕಾಗುತ್ತದೆ.

ಅಟೊಮೈಸರ್ ಎಂದರೆ ದ್ರವವನ್ನು ಕಾಯಿಸಿ ಮಂಜಿನಂತಹ ಹಬೆಯಾಗಿಸುವ ಭಾಗ. ಒಂದು ಪುಟ್ಟ ಲೋಹದ ಪೀಠ, ಅದರ ಮೇಲೆ ಎರಡು ಕಂಬ, ಕಂಬಗಳ ನಡುವೆ ಬಿಗಿದ ಸುರುಳಿ, ಸುರುಳಿಯೊಳಗೆ ತೂರಿಸಿದ ಹತ್ತಿ: ಇಷ್ಟೇ ಅದರ ಒಡಲು. ಹತ್ತಿಯ ಮೇಲೆ ಆಗಾಗ ದ್ರವದ ಹನಿ ಹಾಕುವುದು ಒಂದು ಬಗೆಯಾದರೆ, ಸುತ್ತಲೂ ಒಂದು ತೊಟ್ಟಿಯಿದ್ದು ಬತ್ತಿ ತಾನೇ ಹೀರಿಕೊಳ್ಳುವುದು ಇನ್ನೊಂದು ಬಗೆ. ತಂತಿಯಲ್ಲೂ ಆಯ್ಕೆಯಿದೆ. ನಿಕಲ್ ಮತ್ತು ಕ್ರೋಮಿಯಂ ಬೆರೆತ ನೈಕ್ರೋಮ್, ಕಬ್ಬಿಣ-ಕ್ರೋಮಿಯಂ-ಅಲ್ಯೂಮಿನಿಯಂ ಬೆರೆತ ಕಂಥಾಲ್, ಸ್ಟೇನ್‌ಲೆಸ್ ಸ್ಟೀಲ್, ಶುದ್ಧ ನಿಕಲ್, ಟೈಟಾನಿಯಂ. ಶುದ್ಧ ನಿಕಲ್ ಮತ್ತು ಟೈಟಾನಿಯಂ ತಂತಿಗಳನ್ನು ಕೆಂಪಗೆ ಕಾಯಿಸಬಾರದೆಂದು ಅವುಗಳನ್ನು ಬಳಸುವವರೇ ಪರಸ್ಪರ ಎಚ್ಚರಿಸಿಕೊಳ್ಳುತ್ತಾರೆ. ಆ ಎಚ್ಚರಿಕೆ ಇಡೀ ವಿಷಯದ ಅರ್ಧ ಕಥೆಯನ್ನು ಹೇಳುತ್ತದೆ. ಕಾದ ಲೋಹ ತನ್ನ ಪಾಡಿಗೆ ತಾನು ಸುಮ್ಮನಿರುವುದಿಲ್ಲ.

2018ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 56 ಮಂದಿ ಬಳಕೆದಾರರ ಉಪಕರಣಗಳನ್ನು ಪರೀಕ್ಷಿಸಿದರು. ಬಾಟಲಿಯಲ್ಲಿದ್ದ ದ್ರವದಲ್ಲಿ ಲೋಹದ ಅಂಶ ಅತ್ಯಲ್ಪವಾಗಿತ್ತು. ಅದೇ ದ್ರವ ಕಾದ ಸುರುಳಿಯನ್ನು ಮುಟ್ಟಿ ಹಬೆಯಾದಾಗ ಅದರಲ್ಲಿ ಸೀಸ, ಕ್ರೋಮಿಯಂ, ನಿಕಲ್ ಬಹುಪಾಲು ಹೆಚ್ಚಿದ್ದವು. ಸುರುಳಿಯನ್ನು ತಾನೇ ಸುತ್ತಿಕೊಂಡವನು ಈ ಲೆಕ್ಕದಿಂದ ಹೊರಗುಳಿಯುತ್ತಾನೆಂದು ನಂಬಲು ಆಧಾರವಿಲ್ಲ. ಯಾವ ತಂತಿಯಾದರೂ ಕಾಯಲೇಬೇಕು. ಬತ್ತಿ ಒಣಗಿದರೆ ದ್ರವ ಸುಟ್ಟು ಫಾರ್ಮಾಲ್ಡಿಹೈಡ್‌ನಂತಹ ವಿಷಗಳು ಹುಟ್ಟುತ್ತವೆ.

ವಿದ್ಯುತ್ತಿನ ಲೆಕ್ಕ ಇನ್ನೂ ನಿಷ್ಠುರವಾದುದು. ಪೂರ್ತಿ ತುಂಬಿದ ಲಿಥಿಯಂ ಕೋಶದ ಒತ್ತಡ 4.2 ವೋಲ್ಟ್. ಸುರುಳಿಯ ರೋಧ 0.2 ಓಮ್ ಇದ್ದರೆ ಅದರ ಮೂಲಕ ಹರಿಯುವುದು 21 ಆಂಪಿಯರ್. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಆ ಕೋಶಗಳಲ್ಲಿ ಹಲವು ಎಡೆಬಿಡದೆ ಅಷ್ಟನ್ನು ಕೊಡಲಾರವು. ರಕ್ಷಣಾ ಮಂಡಲವಿಲ್ಲದ ಉಪಕರಣವಾದರೆ ಒಂದು ಸುತ್ತು ಕಡಿಮೆಯಾದದ್ದೂ ಅಪಾಯಕ್ಕೆ ಸಾಕು. ಅಮೆರಿಕದಲ್ಲಿ 2018ರ ಮೇ ತಿಂಗಳಲ್ಲಿ ಫ್ಲಾರಿಡಾದಲ್ಲಿ ಒಬ್ಬರು, 2019ರ ಜನವರಿಯಲ್ಲಿ ಟೆಕ್ಸಸ್‌ನಲ್ಲಿ ಇನ್ನೊಬ್ಬರು ಹೀಗೆ ಉಪಕರಣ ಸಿಡಿದು ಪ್ರಾಣ ಕಳೆದುಕೊಂಡರು. ಕಾರ್ಖಾನೆಯಲ್ಲಿ ಇಂತಹ ಬಿಗಿತಕ್ಕೆ ಮೇಲ್ವಿಚಾರಕರಿರುತ್ತಾರೆ, ಪರೀಕ್ಷೆಯಿರುತ್ತದೆ. ಅಂಗಿಯ ಜೇಬಿನಲ್ಲಿರುವ ಯಂತ್ರಕ್ಕೆ ಅದು ಯಾವುದೂ ಇಲ್ಲ.

ಇನ್ನು ಕಸದ ತಕ್ಕಡಿ. ಇಲ್ಲಿ ತರುಣರ ವಾದವನ್ನು ಒಪ್ಪಲೇಬೇಕು. ಎಸೆಯುವ ವೇಪ್‌ನೊಳಗೆ ಕುಳಿತಿರುವುದೂ ಲಿಥಿಯಂ ಕೋಶವೇ, ಅದನ್ನು ಮತ್ತೆ ಚಾರ್ಜ್ ಮಾಡಲು ದಾರಿಯಿಟ್ಟಿಲ್ಲ ಅಷ್ಟೆ. ಆ ಕೋಶಗಳು ನೂರಾರು ಸಲ ಚಾರ್ಜ್ ಆಗಬಲ್ಲವೆಂದು 2023ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿಕೊಟ್ಟರು. ಅದೇ ವರ್ಷ ಬ್ರಿಟನ್ನಿನಲ್ಲಿ ವಾರಕ್ಕೆ ಸುಮಾರು 50 ಲಕ್ಷ ವೇಪ್‌ಗಳು ಕಸದ ಪಾಲಾಗುತ್ತಿವೆಯೆಂಬ ಅಂದಾಜು ಹೊರಬಂತು. ವೇಪ್ ಮಾರಾಟ ಕಾನೂನುಬದ್ಧವಾಗಿರುವ ಆ ದೇಶವೂ 2025ರ ಜೂನ್ 1ರಿಂದ ಎಸೆಯುವ ಬಗೆಯನ್ನು ನಿಷೇಧಿಸಿತು. ಒಂದು ಬೊಗಸೆ ತಂತಿ, ಒಂದು ಹಿಡಿ ಹತ್ತಿಯಲ್ಲಿ ವರ್ಷ ಕಳೆಯುವ ಅಟೊಮೈಸರ್ ಇದರ ಮುಂದೆ ಮಿತವ್ಯಯಿಯೇ ಸರಿ.

ಆದರೆ ಹೋಲಿಕೆ ಎರಡು ಕೆಟ್ಟ ವಸ್ತುಗಳ ನಡುವಿನದು. ಸುರುಳಿ ಬದಲಾಗುತ್ತದೆ, ಕೋಶ ಸಾಯುತ್ತದೆ, ನಿಕೋಟಿನ್ ಮೆತ್ತಿದ ಹತ್ತಿಯೂ ದ್ರವದ ಬಾಟಲಿಯೂ ಎಲ್ಲಿಗೋ ಹೋಗಬೇಕಾಗುತ್ತದೆ. ಆ ನಿಕೋಟಿನ್ ಕೂಡ ಬಹುಮಟ್ಟಿಗೆ ಹೊಗೆಸೊಪ್ಪಿನಿಂದಲೇ ತೆಗೆದದ್ದು. ಹೊಗೆಯಿಲ್ಲದ ಹಬೆ ಎಂದು ಹೆಮ್ಮೆ ಪಡುವವರು ಹುಣಸೂರು, ಪಿರಿಯಾಪಟ್ಟಣಗಳ ಬ್ಯಾರನ್‌ಗಳನ್ನು ಒಮ್ಮೆ ನೋಡಿ ಬರಬಹುದು. ಅಲ್ಲಿ ಎಲೆ ಹದವಾಗುವುದು ಸೌದೆಯ ಉರಿಯಲ್ಲಿ.

ಮುಖ್ಯ ತೊಡಕು ಇರುವುದು ಕಾನೂನಿನಲ್ಲಿ. ಕರ್ನಾಟಕ ಸರ್ಕಾರ 2016ರಲ್ಲಿಯೇ ಇ-ಸಿಗರೇಟಿನ ಮಾರಾಟ, ತಯಾರಿಕೆಗಳನ್ನು ನಿಷೇಧಿಸಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2019ರ ಮೇ ತಿಂಗಳಲ್ಲಿ ಪೂರ್ಣ ನಿಷೇಧಕ್ಕೆ ಶಿಫಾರಸು ಮಾಡಿತು. ಆ ವರ್ಷದ ಸೆಪ್ಟೆಂಬರ್ 18ರ ಸುಗ್ರೀವಾಜ್ಞೆ ಡಿಸೆಂಬರ್‌ನಲ್ಲಿ ಕಾಯ್ದೆಯಾಯಿತು. ಪೂರ್ಣ ಉಪಕರಣವಾಗಲಿ, ಅದರ ಯಾವುದೇ ಭಾಗವಾಗಲಿ, ತಯಾರಿಕೆ, ಆಮದು, ಸಾಗಣೆ, ಮಾರಾಟ ಎಲ್ಲವೂ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗಿನ ಸೆರೆ ಅಥವಾ 1 ಲಕ್ಷ ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ. ‘ಭಾಗ’ ಎಂಬ ಆ ಒಂದು ಪದದೊಳಗೆ ಮರುಕಟ್ಟುವ ಅಟೊಮೈಸರ್ ಪೂರ್ತಿ ಅಡಗಿದೆ. ಅಂದಮೇಲೆ ಅಂಗಡಿಯ ಕಪಾಟಿನ ಮುಂದೆ ನಿಂತು ಆರಿಸುವ ಪ್ರಶ್ನೆಯೇ ಈ ನೆಲದಲ್ಲಿ ಉಳಿದಿಲ್ಲ. ಉಳಿದಿರುವುದು ಕಳ್ಳದಾರಿಯಲ್ಲಿ ಬಂದ, ಹೆಸರು ವಿಳಾಸವಿಲ್ಲದ ಸರಕು. ಅದರ ತಂತಿ ಯಾವ ಲೋಹದ್ದೆಂದು ಹೇಳುವವರೂ ಇಲ್ಲ. (ಬೀಡಿ, ಸಿಗರೇಟು ಮಾತ್ರ ಪ್ರತಿ ಗೂಡಂಗಡಿಯಲ್ಲೂ ಸಿಗುತ್ತವೆ, ಹೊಗೆಸೊಪ್ಪಿನ ಹರಾಜನ್ನು ಕೇಂದ್ರ ಸರ್ಕಾರದ ಮಂಡಳಿಯೇ ನಡೆಸುತ್ತದೆ. ಈ ಇಬ್ಬಗೆಯ ನೀತಿಯನ್ನು ತರುಣರು ಎತ್ತಿ ಆಡಿದರೆ ಸರ್ಕಾರದ ಬಳಿ ಉತ್ತರವಿದ್ದಂತಿಲ್ಲ.)

ನಿಷೇಧ ತಪ್ಪಲ್ಲ. ಅದು ಅರ್ಧಕ್ಕೆ ನಿಂತಿದೆ. ಬ್ಯಾಟರಿ ತ್ಯಾಜ್ಯ ನಿಯಮಗಳು 2022ರಲ್ಲಿ ಬಂದವು. ಹೊಸ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಎರಡರ ಬೆನ್ನೆಲುಬೂ ಒಂದೇ: ಮಾರಿದವನೇ ಹಿಂದಕ್ಕೆ ಪಡೆಯುವ ಹೊಣೆ ಹೊರಬೇಕು. ಮಾರಿದವನೇ ಕಾನೂನಿನ ಕಣ್ಣಿಗೆ ಬೀಳದಿದ್ದರೆ ಹೊಣೆ ಯಾರದು? ಹಳೆಯ ಮೊಬೈಲಿಗೆ ಒಂದು ಕಂಪನಿಯಿದೆ, ಇನ್ವರ್ಟರ್ ಬ್ಯಾಟರಿಗೆ ಒಬ್ಬ ವ್ಯಾಪಾರಿಯಿದ್ದಾನೆ. ಇ-ಸಿಗರೇಟಿನ ಹೆಣಕ್ಕೆ ವಾರಸುದಾರರೇ ಇಲ್ಲ.

ಈ ವೈಪರೀತ್ಯ ಹಾರೋಹಳ್ಳಿಯಲ್ಲಿ ಎದ್ದು ಕಾಣುತ್ತದೆ. ಅಲ್ಲಿನ ಕಾರ್ಖಾನೆಯೊಂದರಿಂದ ಅಪಾಯಕಾರಿ ಕೆಸರಿನ ಒಂದು ಡ್ರಮ್ಮು ಹೊರಡಬೇಕಾದರೆ 2016ರ ನಿಯಮಗಳಂತೆ ರವಾನೆ ಪತ್ರ ಜೊತೆಗಿರಬೇಕು. ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಕಾಲ ಅದನ್ನು ಆವರಣದಲ್ಲಿ ಇಟ್ಟುಕೊಳ್ಳುವಂತಿಲ್ಲ. ನಿಯಮ ಎಷ್ಟು ಪಾಲನೆಯಾಗುತ್ತದೆಂಬುದು ಬೇರೆ ಜಗಳ. ಜಗಳವಾಡಲು ಒಂದು ಕಾಗದವಾದರೂ ಇದೆ. ಅದೇ ಕಾರ್ಖಾನೆಯ ಗೇಟಿನಾಚೆ ಚರಂಡಿಗೆ ಬೀಳುವ ಕೋಶಕ್ಕೆ ಯಾವ ಕಾಗದವೂ ಇಲ್ಲ.

ಆ ಚರಂಡಿಯ ನೀರು ಎಲ್ಲಿಗೆ ಹೋಗುತ್ತದೆಂದು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬನ್ನೇರುಘಟ್ಟದ ಕಡೆಯಿಂದ ಸುವರ್ಣಮುಖಿ, ಬೆಂಗಳೂರಿನ ಕೊಳೆ ಹೊತ್ತು ಬೈರಮಂಗಲ ಕೆರೆಯ ಮೂಲಕ ಬರುವ ವೃಷಭಾವತಿ, ಕೊನೆಗೆ ಎಲ್ಲವನ್ನೂ ಸಂಗಮದಲ್ಲಿ ಕಾವೇರಿಗೆ ಒಪ್ಪಿಸುವ ಅರ್ಕಾವತಿ. 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೊಸ ಹೆಸರು ಬಂತು, ನೀರಿನ ಬಣ್ಣ ಬದಲಾಗಲಿಲ್ಲ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಒಂದು ವಲಯದ ಹೆಸರೂ ಹಾರೋಹಳ್ಳಿಯೇ. ಕಾರ್ಖಾನೆಯ ಶೆಡ್ಡುಗಳಿಗೂ ಆನೆಗಳ ಕಾಡಿಗೂ ನಡುವೆ ಹೆಚ್ಚು ದೂರವಿಲ್ಲ.

ಹೊಸ ಕಾನೂನು ಬೇಕಿಲ್ಲ, ಇರುವುದಕ್ಕೆ ಕೈಕಾಲು ಬೇಕು. ಕಾರ್ಖಾನೆಗಳಂತಹ ದೊಡ್ಡ ಬಳಕೆದಾರರು ತಮ್ಮ ಇ-ತ್ಯಾಜ್ಯವನ್ನು ನೋಂದಾಯಿತ ಸಂಸ್ಕರಣಾ ಘಟಕಗಳಿಗೇ ಕೊಡಬೇಕೆಂಬ ನಿಯಮ ಈಗಾಗಲೇ ಇದೆ. ಅಂತಹ ಘಟಕವೊಂದು 2005ರಷ್ಟು ಹಿಂದೆಯೇ ದಾಬಸ್‌ಪೇಟೆಯಲ್ಲಿ ಆರಂಭವಾಗಿದೆ. ಅದೇ ಸರಣಿಗೆ ಗೇಟಿನ ಬಳಿ ಒಂದು ಪೆಟ್ಟಿಗೆಯನ್ನು ಸೇರಿಸುವುದು ಎಷ್ಟರ ಖರ್ಚು? ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿ ಕೂಡಿ ಹಾರೋಹಳ್ಳಿಯಲ್ಲಿ ಇದನ್ನು ಆರಂಭಿಸಬಹುದು. ಪೆಟ್ಟಿಗೆಗೆ ಹಾಕುವವನ ಹೆಸರು ಕೇಳಬಾರದು. ಸೇದುವವನಿಗೆ ನೇರ ಶಿಕ್ಷೆಯನ್ನು 2019ರ ಕಾಯ್ದೆಯೇ ಬರೆದಿಲ್ಲವಾದ್ದರಿಂದ ಇದಕ್ಕೆ ಅಡ್ಡಿಯೂ ಇರಲಾರದು. ಪೊಲೀಸರು ವಶಪಡಿಸಿಕೊಂಡ ಸರಕು ಎಷ್ಟು, ಯಾವ ಘಟಕಕ್ಕೆ ಹೋಯಿತು ಎಂಬ ಲೆಕ್ಕವನ್ನು ಜಿಲ್ಲಾಡಳಿತ ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಪತ್ರಿಕೆಯಲ್ಲಿ ಬರುವ ರಾಶಿಯ ಚಿತ್ರವಷ್ಟೇ ಸಾಲದು.

ಸುರುಳಿ ಸುತ್ತುವ ಕೈಚಳಕವಿರುವ ಹುಡುಗರಿಗೆ ಆ ಕೈಚಳಕಕ್ಕೆ ತಕ್ಕ ಕೆಲಸಗಳು ಕಡಿಮೆಯಿಲ್ಲ. ಹಳ್ಳಿಗಳಲ್ಲಿ ಕೆಟ್ಟು ಕೂತ ಸೋಲಾರ್ ದೀಪಗಳು, ಪಂಪುಸೆಟ್ಟುಗಳು, ಮಿಕ್ಸಿಗಳು ಕಾಯುತ್ತಿವೆ. ಸೇದುವುದನ್ನು ಬಿಡಬೇಕೆಂದಿರುವವರಿಗೆ ಜಿಲ್ಲಾ ಆಸ್ಪತ್ರೆಗಳ ತಂಬಾಕು ವ್ಯಸನಮುಕ್ತಿ ಕೇಂದ್ರಗಳಿವೆ, 1800 112 356 ಎಂಬ ಶುಲ್ಕರಹಿತ ಸಹಾಯವಾಣಿಯಿದೆ. ಈಗಾಗಲೇ ಕೈಯಲ್ಲಿರುವ ಕೋಶದ ಎರಡೂ ತುದಿಗೆ ಟೇಪು ಸುತ್ತಿ, ಲೋಹದ ಸಾಮಾನುಗಳಿಂದ ದೂರವಾಗಿ ಒಣ ಡಬ್ಬಿಯಲ್ಲಿಡಬೇಕು. ಅದನ್ನು ಒಲೆಗೆ, ತಿಪ್ಪೆಗೆ, ಹಸಿಕಸದ ಬುಟ್ಟಿಗೆ ಹಾಕಬಾರದು. ಇ-ತ್ಯಾಜ್ಯ ಪಡೆಯುವ ಕೇಂದ್ರ ಹತ್ತಿರದಲ್ಲಿ ಇಲ್ಲದಿದ್ದರೆ, ಅದು ಏಕಿಲ್ಲ ಎಂದು ಗ್ರಾಮಸಭೆಯಲ್ಲಿ ಕೇಳಿ ನಡಾವಳಿ ಪುಸ್ತಕದಲ್ಲಿ ಬರೆಸಬೇಕು.