ನಿಲ್ಲಿಸಿಟ್ಟ ಗಾಡಿಗೆ ಒದ್ದು ಏನು ಪ್ರಯೋಜನ?

ಯುಗಾದಿ ಕಳೆದ ವಾರ ಒಬ್ಬ ಹುಡುಗ ನಮ್ಮ ಮನೆಯ ಜಾವಾ ಬೈಕ್ ಕೊಳ್ಳಲು ಬೆಂಗಳೂರಿನಿಂದ ಬಂದಿದ್ದ. ಟ್ಯಾಂಕಿನ ಕ್ರೋಮ್ ಸವರಿದ, ಫೋಟೊ ತೆಗೆದ, 'ಬಣ್ಣ ಒರಿಜಿನಲ್ಲಾ?' ಎಂದು ಎರಡು ಸಲ ಕೇಳಿದ. ಸ್ಟಾರ್ಟ್ ಮಾಡಿ ನೋಡಪ್ಪ ಎಂದೆ. ಬಲಗಡೆ ಬಗ್ಗಿ ತಡಕಾಡಿದ. 'ಕಿಕ್ಕರ್ ಎಲ್ಲಿ ಆಂಟಿ?'

ಜಾವಾಕ್ಕೆ ಕಿಕ್ಕರ್ ಇರುವುದು ಎಡಗಡೆ. ಗೇರ್ ಹಾಕುವ ಲಿವರ್ ಕೂಡ ಅದೇ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ. ಗಾಡಿ ಕೊಡಲಿಲ್ಲ, ಕಾಫಿ ಕೊಟ್ಟು ಕಳಿಸಿದೆ.

ನಮ್ಮಪ್ಪ ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುತ್ತಿದ್ದರು. 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿದ ಆ ಕಾರ್ಖಾನೆಯ ಗಾಡಿಗಳಿಗೆ ಈಗ ಎಲ್ಲಿಲ್ಲದ ಬೆಲೆ. ಕೊಂಡವರಲ್ಲಿ ಬಹಳ ಮಂದಿ ಅದನ್ನು ಹಾಲ್‌ನಲ್ಲಿ ನಿಲ್ಲಿಸುತ್ತಾರೆ. ವರ್ಷಕ್ಕೊಮ್ಮೆ ಹೊರಗೆಳೆದು ಐವತ್ತು ಸಲ ಒದೆಯುತ್ತಾರೆ. ಆಮೇಲೆ 'ಹಳೇ ಗಾಡಿ, ಸ್ಟಾರ್ಟಿಂಗ್ ಟ್ರಬಲ್' ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಗಾಡಿಗೆ ಬಂದಿರುವ ರೋಗ ಮುಪ್ಪಿನದಲ್ಲ, ನಿಂತಿದ್ದರ ರೋಗ.

ನಿಂತರೆ ಏನೇನಾಗುತ್ತದೆ ನೋಡಿ. ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲ್ ಆರಿ, ಅದರಲ್ಲಿದ್ದ ಎಣ್ಣೆ ಅಂಟಾಗಿ ಜೆಟ್ಟಿನ ಸಣ್ಣ ತೂತು ಮುಚ್ಚುತ್ತದೆ. 6 ವೋಲ್ಟಿನ ಬ್ಯಾಟರಿ ಸೊರಗುತ್ತದೆ. ಕಾಯಿಲಿಗೆ ಕರೆಂಟಿಲ್ಲದ ಮೇಲೆ ಕಿಡಿ ಎಲ್ಲಿಂದ ಬಂದೀತು? ಆ ಕರೆಂಟನ್ನು ಕಡಿದು ಕೊಡುವ ಪಾಯಿಂಟುಗಳ ಮೇಲೆ ಕಣ್ಣಿಗೆ ಕಾಣದ ಕಿಲುಬಿನ ಪೊರೆ ಕೂರುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಬೇರೆ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಆ ನೀರು ಟ್ಯಾಂಕಿನ ತಳ ಸೇರಿ ತುಕ್ಕು ಹಿಡಿಸುತ್ತದೆ. ಹಳೇ ಗಾಡಿಯವರಿಗೆ ಎಥನಾಲ್ ಬೆರೆಸದ ಪೆಟ್ರೋಲನ್ನೂ ಪ್ರತಿ ಬಂಕಿನ ಒಂದು ಪಂಪಿನಲ್ಲಿ ಇಟ್ಟಿದ್ದರೆ ಸರ್ಕಾರದ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ದಿನಾ ಓಡುವ ಗಾಡಿಯಲ್ಲಿ ನೀರು ಇಳಿದು ನಿಲ್ಲುವಷ್ಟು ಪುರಸೊತ್ತು ಪೆಟ್ರೋಲಿಗೂ ಇರುವುದಿಲ್ಲ.

ನನ್ನ ಗಾಡಿಯೂ ಒಮ್ಮೆ ಹೀಗೇ ಮುನಿಸಿಕೊಂಡಿತ್ತು. ಅಪ್ಪ ತೀರಿಕೊಂಡ ಮೇಲೆ ಎರಡು ವರ್ಷ ನಾನು ಅದನ್ನು ಮುಟ್ಟಿರಲಿಲ್ಲ. ಒಂದು ಗ್ಯಾರೇಜಿನವರು ಕಾಯಿಲ್ ಬದಲಿಸಿದರು, ಕಾರ್ಬುರೇಟರ್ ಬದಲಿಸಿದರು, ಕೊನೆಗೆ ಪಾಯಿಂಟೇ ತೆಗೆದು ಎಲೆಕ್ಟ್ರಾನಿಕ್ ಕಿಟ್ ಹಾಕೋಣ ಎಂದರು. ಒಬ್ಬರೂ ಪ್ಲಗ್ ಬಿಚ್ಚಿ ನೋಡಿರಲಿಲ್ಲ. ಅಪ್ಪ ಮೊದಲು ಬಿಚ್ಚುತ್ತಿದ್ದುದೇ ಪ್ಲಗ್ಗನ್ನು. ಒದ್ದೂ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ನೆಂದಿದ್ದರೆ ಪೆಟ್ರೋಲ್ ಬಂದಿದೆ, ಕಿಡಿ ಇಲ್ಲ. ಇಲ್ಲವೇ ಒದ್ದು ಒದ್ದು ಎಂಜಿನ್ನಿಗೆ ಪೆಟ್ರೋಲ್ ಕುಡಿಸಿದ್ದೀರಿ. ಆಗ ಪೆಟ್ರೋಲ್ ಕಾಕ್ ಮುಚ್ಚಿ, ಪ್ಲಗ್ ಒರೆಸಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಒದೆಯಬೇಕು.

ಬಿಚ್ಚಿದ ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ತೂತಿನಿಂದ ದೂರ, ಎಂಜಿನ್ನಿನ ಲೋಹಕ್ಕೆ ತಾಗಿಸಿ ಒದ್ದು ನೋಡಿದೆ. ನೀಲಿ ಕಿಡಿ ಬರಬೇಕಿತ್ತು, ಸೋತ ಹಳದಿ ಬಂತು. ಬಲಗಡೆಯ ಕವರ್ ತೆಗೆದೆ. ಪಾಯಿಂಟುಗಳ ನಡುವೆಯೇ ಕಿಡಿ ಚಟಚಟ ಹಾರುತ್ತಿತ್ತು. ಆ ಕಿಡಿಯನ್ನು ತಡೆಯಬೇಕಿದ್ದ ಕಂಡೆನ್ಸರ್ ಸತ್ತಿತ್ತು. ಇಪ್ಪತ್ತೆಂಟು ವರ್ಷ ಪಿಯುಸಿ ಮಕ್ಕಳಿಗೆ ಇಂಡಕ್ಷನ್ ಕಾಯಿಲ್ ಪಾಠ ಮಾಡಿದವಳು ನಾನು. ಕಂಡೆನ್ಸರ್ ಯಾಕಿರುತ್ತದೆ ಎಂಬುದು ನನಗೇ ಮನದಟ್ಟಾಗಿದ್ದು ಅವತ್ತು. ಹೊಸದು ಹಾಕಿ, ಪಾಯಿಂಟನ್ನು ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿ, ಅಪ್ಪನ ಫೀಲರ್ ಗೇಜಿನಲ್ಲಿ 0.4 ಮಿಲಿಮೀಟರ್ ಸಂದು ಇಟ್ಟೆ. ನಾಲ್ಕನೇ ಒದೆತಕ್ಕೆ ಎದ್ದಿತು.

ಎಲ್ಲವೂ ಮನೆಯಲ್ಲೇ ಆಗುವ ಕೆಲಸವಲ್ಲ, ನಿಜ. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಕೇಸಿಗೆ ಗಾಳಿ ನುಸುಳಬಾರದು. ಆಯಿಲ್ ಸೀಲ್ ಗಟ್ಟಿಯಾಗಿ ಸೀಳಿದರೆ ಎಂಜಿನ್ ಬಿಚ್ಚಲೇಬೇಕು, ಅದಕ್ಕೆ ಕೈ ಪಳಗಿದವರೇ ಬೇಕು. ಹೊಗೆಯ ವಿಚಾರದಲ್ಲಿ ಪಕ್ಕದ ಮನೆಯವರು ಬೈಯುವುದರಲ್ಲೂ ತಪ್ಪಿಲ್ಲ. ಹಾಗಾಗಿ ವಾರಕ್ಕೊಂದು ಸಲ, ಭಾನುವಾರ ಬೆಳಿಗ್ಗೆ, ಲೀಟರಿಗೆ 40 ಎಂಎಲ್ ಎಣ್ಣೆ ಬೆರೆಸಿ ಶ್ರೀರಂಗಪಟ್ಟಣದವರೆಗೆ ಹೋಗಿ ಬರುತ್ತೇನೆ. ಅಷ್ಟೇ ಅದರ ಔಷಧಿ.

ಆ ಹುಡುಗ ಮೊನ್ನೆ ಫೋನ್ ಮಾಡಿದ್ದ. ಬೇರೆ ಕಡೆ ಒಂದು ಜಾವಾ ಕೊಂಡನಂತೆ, ಸ್ಟಾರ್ಟೇ ಆಗುತ್ತಿಲ್ಲವಂತೆ. ಕೊನೆಗೆ ಓಡಿಸಿದ್ದು ಯಾವಾಗ ಎಂದೆ. 'ಓಡಿಸಿಲ್ಲ ಆಂಟಿ, ಪಾಲಿಶ್ ಮಾಡಿಸಿದ್ದೀನಿ.' ಟೆಂಪೊದಲ್ಲಿ ಹಾಕಿಸಿಕೊಂಡು ಬಂದ. ಟ್ಯಾಂಕ್ ಬಕೆಟ್ಟಿಗೆ ಬಗ್ಗಿಸಿದೆವು. ಡಿಕಾಕ್ಷನ್ ಬಣ್ಣದ ನೀರು ಬಂತು. ಕಿಕ್ಕರಿಗೆ ಕಾಲಿಟ್ಟವನನ್ನು ತಡೆದು, ಕೈಗೆ ಪ್ಲಗ್ ಸ್ಪ್ಯಾನರ್ ಕೊಟ್ಟೆ.